ಬಳಪದ ಕಡತ, ಯಂತ್ರದ ಕಡತ

ಕಂಪ್ಯೂಟರಿನ ಪರದೆಯನ್ನು ಕನ್ನಡಕ್ಕೆ ತಿರುಗಿಸಿಕೊಂಡವರು ಅದರ ಮೇಲ್ಭಾಗದ ಪಟ್ಟಿಯಲ್ಲಿ 'ಕಡತ' ಎಂಬ ಮಾತನ್ನು ದಿನವೂ ನೋಡುತ್ತಾರೆ. ಇಂಗ್ಲಿಷಿನ 'ಫೈಲ್' ಎಂಬುದಕ್ಕೆ ನಮ್ಮವರು ಕೊಟ್ಟ ಹೆಸರು ಅದು. ಒಳ್ಳೆಯ ಹೆಸರೇ. ಆದರೆ ಅದನ್ನು ಒತ್ತುವ ಬೆರಳುಗಳಲ್ಲಿ ಎಷ್ಟು ಬೆರಳುಗಳು ನಿಜವಾದ ಕಡತವನ್ನು ಮುಟ್ಟಿರಬಹುದು?

ಕಡತವೆಂದರೆ ಕರಿಯ ಬಟ್ಟೆಯ ಪುಸ್ತಕ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ, ಎರಡು ಕೊನೆಗೂ ಮರದ ಹಲಗೆ ಕಟ್ಟಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಈ ವಸ್ತುವನ್ನು ಬಹು ಆಸಕ್ತಿಯಿಂದ ವರ್ಣಿಸಿದ್ದಾನೆ. ಬರೆದುದನ್ನು ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದೆಂಬುದು ಅವನ ಗಮನಕ್ಕೆ ಬಂದಿತ್ತು. ಒರೆಸದೆ ಜೋಪಾನವಾಗಿಟ್ಟರೆ ಬಹುಕಾಲ ಬಾಳುತ್ತದೆಂಬುದೂ ಬಂದಿತ್ತು. ಶಾನುಭೋಗರ ಲೆಕ್ಕ, ಅಂಗಡಿಯವರ ಲೆಕ್ಕ, ಅರಮನೆಯ ಲೆಕ್ಕ ಎಲ್ಲಕ್ಕೂ ಇದೇ ಆಧಾರ. ಉಳಿಸಬೇಕೋ ಒರೆಸಬೇಕೋ ಎಂಬುದು ಮಾತ್ರ ಕಡತ ಹಿಡಿದವನ ಕೈಯಲ್ಲಿತ್ತು.

ಇದೇ ವಿಲ್ಕ್ಸನು ಶ್ರೀರಂಗಪಟ್ಟಣದ ಒಂದು ಪ್ರಸಂಗವನ್ನು ಹೇಳುತ್ತಾನೆ. 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಅವರ ಅರಮನೆಯನ್ನು ತೆರವು ಮಾಡಿಸಿದಾಗ, ಓಲೆಗರಿಗಳೂ ಕಡತಗಳೂ ತುಂಬಿದ ಕೋಣೆಗಳು ಸಿಕ್ಕಿದುವಂತೆ. ಏನು ಮಾಡಬೇಕೆಂದು ಕೇಳಿದ್ದಕ್ಕೆ, ಕುದುರೆಗಳ ಹುರುಳಿ ಬೇಯಿಸುವ ಒಲೆಗೆ ಹಾಕಿರೆಂದು ಟಿಪ್ಪು ಅಪ್ಪಣೆ ಕೊಟ್ಟನೆಂದು ಅವನ ಬರಹ. ಒಂದು ಕೋಣೆಯಲ್ಲಿರುವುದು ಮನೆದೇವರ ವಸ್ತುಗಳೆಂದು ಹೇಳಿ ಬ್ರಾಹ್ಮಣನೊಬ್ಬನು ಅಷ್ಟನ್ನು ಉಳಿಸಿಕೊಂಡನಂತೆ. ವಿಲ್ಕ್ಸನು ಟಿಪ್ಪುವಿನ ಎದುರು ಪಕ್ಷದವನು. ಅವನ ಮಾತನ್ನು ಅಷ್ಟು ತೂಕ ಕಳೆದೇ ತೆಗೆದುಕೊಳ್ಳಬೇಕು.

ಟಿಪ್ಪುವಿನ ಸ್ವಂತ ಕಾಗದಪತ್ರಗಳ ಗತಿಯೂ ಬೇರೆಯಾಗಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವು ಕಂಪನಿಯವರ ಕೈಸೇರಿದುವು. ಅವನ ಪತ್ರಗಳ ದಫ್ತರದಿಂದ ಕೆಲವನ್ನು ಆರಿಸಿ, ಇಂಗ್ಲಿಷಿಗೆ ತಿರುಗಿಸಿ, ಟಿಪ್ಪಣಿ ಬರೆದು, ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಅಚ್ಚು ಹಾಕಿಸಿದನು. ಪುಸ್ತಕದ ಹೆಸರಿನಲ್ಲಿಯೇ 'ಆಯ್ದ' ಎಂಬ ಮಾತಿದೆ. ಆಯ್ದವನು ಗೆದ್ದ ಪಕ್ಷದವನು. ಆ ಪುಸ್ತಕದಿಂದ ಟಿಪ್ಪುವನ್ನು ತಿಳಿಯಹೊರಟವರು ಈ ಒಂದು ಮಾತನ್ನು ಮರೆತರೆ, ಜರಡಿಯಲ್ಲಿ ಉಳಿದುದನ್ನೇ ರಾಶಿಯೆಂದು ಭ್ರಮಿಸಿದಂತಾಗುತ್ತದೆ.

ಈ ಹಳೆಯ ಕಥೆಗಳು ನನಗೆ ನೆನಪಾದುದು ಗ್ರಂಥಾಲಯದಲ್ಲಲ್ಲ. ನನ್ನ ತಮ್ಮನ ಮಗನ ಪಕ್ಕದಲ್ಲಿ ಕುಳಿತಿದ್ದಾಗ. ಅವನು ಕಚೇರಿಯೊಂದರ ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವನು. ಹಬ್ಬಕ್ಕೆಂದು ಮನೆಗೆ ಬಂದಿದ್ದ. ರಾತ್ರಿ ಎಷ್ಟೋ ಹೊತ್ತಿನಲ್ಲಿ ಅಲ್ಲಿಯ ಯಂತ್ರವೊಂದು ತಾನೇ ನಿಂತು, ತಾನೇ ಮತ್ತೆ ಎದ್ದಿತಂತೆ. ಬೆಳಗಿನ ಕಾಫಿ ಆರುತ್ತಿರುವಂತೆಯೇ ಕರಿಯ ಪರದೆಯೊಂದನ್ನು ತೆರೆದು ಕುಳಿತ.

"ಏನೋ ಹುಡುಕ್ತಿದ್ದೀಯಲ್ಲೋ?" ಎಂದೆ.

"ನಿಲ್ಲೋಕೆ ಮುಂಚೆ ಅದು ಏನು ಬರೆದಿಟ್ಟಿದೆ ಅಂತ ನೋಡ್ತಿದ್ದೀನಿ, ದೊಡ್ಡಪ್ಪ."

ಕರಿಯ ಹಾಳೆ, ಬಿಳಿಯ ಅಕ್ಷರ, ಒಂದರ ಕೆಳಗೊಂದು ಸಾಲು. ನೋಡಿದರೆ ಕಡತವೇ!

ಯಂತ್ರವು ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ, ತನಗಾದ ಪ್ರತಿಯೊಂದು ತೊಂದರೆಯನ್ನೂ ಕಾಲಸಹಿತ ಬರೆದಿಡುವ ಈ ದಿನಚರಿಗೆ 'ಲಾಗ್' ಎಂದು ಹೆಸರು. ಲಾಗ್ ಎಂದರೆ ಮರದ ತುಂಡು. ಹಡಗಿನವರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಬಿಟ್ಟು, ಎಷ್ಟು ಗಂಟು ಜಾರಿತೆಂದು ಎಣಿಸಿ ವೇಗವನ್ನು ತಿಳಿಯುತ್ತಿದ್ದರು. ಅದನ್ನು ಬರೆದಿಡುವ ಪುಸ್ತಕಕ್ಕೂ ಆ ತುಂಡಿನ ಹೆಸರೇ ಅಂಟಿತು. ಯಂತ್ರಗಳ ಲೋಕದಲ್ಲಿ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟವನು ಎರಿಕ್ ಆಲ್ಮನ್. 1980ರ ದಶಕದ ಆರಂಭದಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ, ಅಂಚೆ ಸಾಗಿಸುವ ತನ್ನ 'ಸೆಂಡ್‌ಮೇಲ್' ತಂತ್ರಾಂಶಕ್ಕಾಗಿ ಅವನು 'ಸಿಸ್‌ಲಾಗ್' ಎಂಬುದನ್ನು ಬರೆದ. ಅದು ಎಲ್ಲರಿಗೂ ಬೇಕಾಯಿತು. ಸುದ್ದಿಯ ತೀವ್ರತೆಯನ್ನು ಅದು ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲಾಗಿ ವಿಂಗಡಿಸುತ್ತದೆ: ಸೊನ್ನೆಯೆಂದರೆ ಮನೆಗೆ ಬೆಂಕಿ ಬಿದ್ದಂತೆ, ಏಳೆಂದರೆ ಯಂತ್ರದ ಗೊಣಗಾಟ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸನ ಲಿನಕ್ಸ್ ಹುಟ್ಟಿದ ಮೇಲೆ ಅಲ್ಲಿಯೂ ಇದೇ ಪದ್ಧತಿ ನೆಲೆಯೂರಿತು. 'ವಾರ್' ಎಂಬ ಕಪಾಟಿನೊಳಗೆ 'ಲಾಗ್' ಎಂಬ ಗೂಡು; ಆ ಗೂಡಿನ ತುಂಬ ಕಡತಗಳು.

ಬರೆಯುವುದು ಸುಲಭ, ಓದುವುದು ಕಷ್ಟ. ಒಂದು ರಾತ್ರಿಯಲ್ಲಿ ಯಂತ್ರ ಲಕ್ಷ ಸಾಲು ಬರೆದೀತು. ಮೊದಲಿನಿಂದ ಓದುತ್ತ ಹೋದರೆ ಹಬ್ಬ ಮುಗಿದು ಮುಂದಿನ ಹಬ್ಬ ಬರುತ್ತದೆ. ಅದಕ್ಕೆಂದೇ ಕೆಲವು ಪುಟ್ಟ ಆಜ್ಞೆಗಳುಂಟು. 'ಟೇಲ್' ಎಂದರೆ ಬಾಲ: ಕಡತದ ಕೊನೆಯ ಹತ್ತು ಸಾಲುಗಳನ್ನಷ್ಟೇ ತೋರಿಸುತ್ತದೆ, ಪಕ್ಕದಲ್ಲಿ ಕಿರುಗೆರೆ ಎಳೆದು 'ಎಫ್' ಅಕ್ಷರ ಸೇರಿಸಿದರೆ, ಹೊಸ ಸಾಲು ಬಂದಂತೆಲ್ಲ ತೋರಿಸುತ್ತಲೇ ಇರುತ್ತದೆ. 'ಗ್ರೆಪ್' ಎಂಬುದು ಜರಡಿ. ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಬರೆದುಕೊಟ್ಟ ಇದು 1973ರ ಸುಮಾರಿಗೆ ಯುನಿಕ್ಸ್‌ನಲ್ಲಿ ಸೇರಿತು. ಒಂದು ಮಾತನ್ನು ಕೊಟ್ಟರೆ ಆ ಮಾತಿರುವ ಸಾಲುಗಳನ್ನು ಮಾತ್ರ ಹೊರಗೆ ಬಿಡುತ್ತದೆ. 'ವಿ' ಅಕ್ಷರ ಸೇರಿಸಿದರೆ ಅದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಡುತ್ತದೆ. 'ಸಿ' ಎಂದು ಚಿಕ್ಕಕ್ಷರ ಸೇರಿಸಿದರೆ ಎಷ್ಟು ಸಾಲೆಂದು ಎಣಿಸಿ ಹೇಳುತ್ತದೆ. ಒಂದು ಆಜ್ಞೆಯಿಂದ ಬಂದುದನ್ನು ನಿಂತ ಗೆರೆಯೊಂದನ್ನು ಹಾಕಿ ಮತ್ತೊಂದಕ್ಕೆ ಹರಿಸಬಹುದು. ಅದಕ್ಕೆ 'ಪೈಪ್' ಎನ್ನುತ್ತಾರೆ, ಡಗ್ ಮೆಕಿಲ್‌ರಾಯ್ ಎಂಬವನ ಕಲ್ಪನೆ. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಇರ್ವಿನ್ ನಾಲೆಯೆಂದು ಕರೆಸಿಕೊಂಡ ವಿಶ್ವೇಶ್ವರಯ್ಯ ನಾಲೆಯ ನೀರು ಕವಲಿನಿಂದ ಕವಲಿಗೆ ಇಳಿದು ಕಡೆಗೆ ಒಂದು ಗದ್ದೆಯ ಮಡಿಯನ್ನು ಮುಟ್ಟುವಂತೆಯೇ ಇದು.

ಜರಡಿ ಹಿಡಿಯುವುದರಲ್ಲಿ ಮೋಸವಿಲ್ಲವೆ? ಇದೆ. ನಾವು ಕೇಳಿದ ಮಾತನ್ನೇ ಅದು ಹುಡುಕುತ್ತದೆ, ನಾವು ಉದ್ದೇಶಿಸಿದ್ದನ್ನಲ್ಲ. ಹಳೆಯ ದಾಖಲೆಗಳಲ್ಲಿ 'ಪಾಂಡವಪುರ' ಎಂದು ಹುಡುಕಿನೋಡಿ, ಊರೇ ಇರಲಿಲ್ಲವೆನಿಸುತ್ತದೆ. ಅದು ಹಿರೋಡೆ, ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚರ ಪಡೆ ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ 'ಫ್ರೆಂಚ್ ರಾಕ್ಸ್' ಆಯಿತು, ಪಾಂಡವಪುರವಾದುದು ಆಮೇಲೆ. ಕೃಷ್ಣರಾಜಪೇಟೆಯೂ ಹಿಂದೆ ಅತ್ತಿಕುಪ್ಪೆ. ಮೂರು ಹೆಸರನ್ನೂ ಒಟ್ಟಿಗೆ ಕೇಳುವ ಬಗೆ ಗ್ರೆಪ್ಪಿನಲ್ಲಿದೆ. ಆದರೆ ಮೂರು ಹೆಸರಿದೆಯೆಂಬುದನ್ನು ಕೇಳುವವನು ಮೊದಲೇ ತಿಳಿದಿರಬೇಕು. ಲೂಯಿಸ್ ರೈಸರು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಕಾಲಾನುಕ್ರಮದ ಪಟ್ಟಿಯನ್ನೂ ಸೇರಿಸಿದರು. ಶ್ರೀರಂಗಪಟ್ಟಣ 1894ರ ಮೂರನೆಯ ಸಂಪುಟದಲ್ಲಿ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ 1898ರ ನಾಲ್ಕನೆಯದರಲ್ಲಿ. ಪಾಂಡವಪುರ ಪ್ರತ್ಯೇಕ ತಲೆಬರಹವಾಗಿ ಬಂದುದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು 1970ರ ದಶಕದಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯ ಆರನೆಯ ಸಂಪುಟದಲ್ಲಿ. ಶಾಸನ ಅದೇ, ಕಲ್ಲು ಅದೇ. ಹುಡುಕುವ ದಾರಿ ಬೇರೆ.

ಕಾಲದ ಮಾತು ಇನ್ನೂ ಸ್ವಾರಸ್ಯವಾದುದು. ಹಳೆಯ ಸಿಸ್‌ಲಾಗಿನ ಸಾಲಿನಲ್ಲಿ ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡು ಎಲ್ಲ ಇರುತ್ತಿತ್ತು. ಇಸವಿ ಮಾತ್ರ ಇರುತ್ತಿರಲಿಲ್ಲ! ಡಿಸೆಂಬರ್ 31 ಎಂದರೆ ಯಾವ ವರ್ಷದ್ದು? ಬರೆದವನಿಗೆ ಗೊತ್ತು, ಓದುವವನು ಊಹಿಸಬೇಕು. ನಮ್ಮ ಕಡೆ ಸಂವತ್ಸರದ ಹೆಸರನ್ನು ಮಾತ್ರ ಬರೆದು ಬಿಟ್ಟ ಪತ್ರಗಳ ಪಾಡೂ ಇದೇ. ಪ್ಲವ ಸಂವತ್ಸರವೆಂದರೆ 1901ರದೋ, 1961ರದೋ, 2021ರದೋ? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಇದಕ್ಕೆ ಪ್ರತಿಯಾಗಿ, ನಾಗಮಂಗಲದ ಕಡೆಯ ದೇವರಹಳ್ಳಿಯ ತಾಮ್ರಪಟಗಳನ್ನು ನೋಡಿ. ಗಂಗರ ಶ್ರೀಪುರುಷನ ಆ ದಾನಪತ್ರದಲ್ಲಿ ಶಕವರ್ಷ 698 ಎಂದಿದೆ. ಒಂದು ಮೂಲದಿಂದ ಎಣಿಸಿದ ಲೆಕ್ಕವಾದ್ದರಿಂದ, ಅದು ಕ್ರಿ.ಶ. 776-77 ಎಂದು ಇಂದು ಯಾರಾದರೂ ಹೇಳಬಲ್ಲರು. ಯಂತ್ರಕ್ಕೂ ಅಂತಹ ಒಂದು ಶಕೆಯುಂಟು. 1970ರ ಜನವರಿ 1ರ ನಡುರಾತ್ರಿ, ಗ್ರೀನಿಚ್ ಕಾಲಮಾನದಲ್ಲಿ, ಅದರ ಯುಗಾದಿ. ಅಲ್ಲಿಂದಾಚೆಗೆ ಸೆಕೆಂಡುಗಳ ಎಣಿಕೆ. ಟಿಪ್ಪುವೂ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದು, ನಾಣ್ಯಗಳ ಮೇಲೆ ಅಂಕೆಗಳನ್ನು ಬಲದಿಂದ ಎಡಕ್ಕೆ ಅಚ್ಚು ಹಾಕಿಸಿದ. ಪಟ್ಟಣದ ಟಂಕಸಾಲೆಯ ನಾಣ್ಯಗಳನ್ನು ಸಂಗ್ರಹಿಸುವವರು ಇದರ ಕಷ್ಟವನ್ನು ಬಲ್ಲರು.

ಈಗಿನ ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ 'ಜರ್ನಲ್' ಎಂಬ ಹೊಸ ದಫ್ತರವಿದೆ. 2011ರ ನವೆಂಬರಿನಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಅದನ್ನು ಜಗತ್ತಿನ ಮುಂದಿಟ್ಟಾಗ ದೊಡ್ಡ ಗಲಾಟೆಯಾಯಿತು. ಏಕೆಂದರೆ ಅದು ಸಾಲು ಸಾಲಾದ ಅಕ್ಷರಗಳಲ್ಲಿ ಬರೆಯುವುದಿಲ್ಲ; ಯಂತ್ರಕ್ಕಷ್ಟೇ ತಿಳಿಯುವ ಲಿಪಿಯಲ್ಲಿ ಬರೆಯುತ್ತದೆ. ಬರಿಗಣ್ಣಿಗೆ ಕಾಣದ ದಾಖಲೆಯನ್ನು ನಂಬುವುದು ಹೇಗೆಂದು ಹಳಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ, ಆದರೆ ಲಾಭವೂ ಇಲ್ಲದಿಲ್ಲ. 'ಜರ್ನಲ್‌ಸಿಟಿಎಲ್' ಎಂಬ ಒಂದೇ ಆಜ್ಞೆಗೆ, ನಿನ್ನೆಯಿಂದ ಈಚಿನದನ್ನು ಕೊಡು, ಇಂತಹ ಸೇವೆಯದನ್ನು ಕೊಡು, ತಪ್ಪು ಎಂಬ ಮಟ್ಟದಿಂದ ಮೇಲಿನದನ್ನು ಕೊಡು ಎಂದು ಕೇಳಬಹುದು. 'ಬಿ' ಎಂದರೆ ಯಂತ್ರ ಈ ಸಲ ಎದ್ದಮೇಲಿನ ವೃತ್ತಾಂತ. ಅದರ ಮುಂದೆ ಋಣ ಒಂದು ಎಂದು ಬರೆದರೆ ಹಿಂದಿನ ಸಲದ್ದು.

ನಮ್ಮ ಹುಡುಗನೂ ಅದನ್ನೇ ಕೇಳಿದ. ಹಿಂದಿನ ಸಲದ ವೃತ್ತಾಂತ, ತಪ್ಪುಗಳು ಮಾತ್ರ. ಕ್ಷಣಾರ್ಧದಲ್ಲಿ ಉತ್ತರ ಬಂತು: ಹಾಗೆಂಬ ದಾಖಲೆ ಇಲ್ಲ.

ಆ ಯಂತ್ರದಲ್ಲಿ ಜರ್ನಲನ್ನು ಕಾಯಂ ಜಾಗದಲ್ಲಿ ಇಡುವ ಏರ್ಪಾಡನ್ನು ಯಾರೂ ಮಾಡಿರಲಿಲ್ಲ. ಬರೆದುದೆಲ್ಲ ತಾತ್ಕಾಲಿಕ ಸ್ಮೃತಿಯಲ್ಲಿತ್ತು; ಯಂತ್ರ ನಿಂತೊಡನೆ ಒರೆಸಿಹೋಗಿತ್ತು. ಹಳೆಯ ಬಗೆಯ ಅಕ್ಷರದ ಕಡತವೂ ಅಲ್ಲಿರಲಿಲ್ಲ. ಯಂತ್ರದ ಗರ್ಭದಲ್ಲಿರುವ 'ಕರ್ನಲ್' ಬರೆದುಕೊಳ್ಳುವ ಪುಸ್ತಕವಂತೂ ಸ್ವಭಾವತಃ ಹೀಗೆಯೇ: ಇಷ್ಟೇ ಹಾಳೆ, ತುಂಬಿದರೆ ಹಳೆಯ ಸಾಲಿನ ಮೇಲೆ ಹೊಸದು. 'ಡಿಮೆಸ್ಗ್' ಎಂದು ಕೇಳಿದರೆ ಈಗ ಉಳಿದಿರುವುದನ್ನು ಓದಿ ಹೇಳುತ್ತದೆ, ಅಷ್ಟೆ. ಗೂಡಿನಲ್ಲಿಟ್ಟ ಕಡತಗಳೂ ಶಾಶ್ವತವಲ್ಲ. 'ಲಾಗ್‌ರೊಟೇಟ್' ಎಂಬ ಕಾವಲುಗಾರನು ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಬಂದು, ಹಳೆಯವನ್ನು ಕಟ್ಟಿಟ್ಟು, ಅವಧಿ ಮುಗಿದವನ್ನು ಅಳಿಸಿಬಿಡುತ್ತಾನೆ. ಜಾಗ ಸಾಲದು, ಏನು ಮಾಡುವುದು? ಅರಮನೆಯ ಕೋಣೆಗಳೂ ಯಾರಿಗೋ ಸಾಲದೆ ಹೋಗಿದ್ದುವು. ಹುರುಳಿಗೆ ಉರಿ ಹಾಕಿದವನು ನಾಳೆ ಯಾರು ಏನನ್ನು ಕೇಳಿಯಾರೆಂದು ಯೋಚಿಸಿರಲಾರ. ಈ ಯಂತ್ರವನ್ನು ಅಣಿಗೊಳಿಸಿದವನೂ ಯೋಚಿಸಿರಲಿಲ್ಲ.

"ಹಾಗಾದರೆ ಏಕೆ ನಿಂತಿತೆಂದು ಹೇಗೆ ತಿಳಿಯುತ್ತೀ?" ಎಂದು ಕೇಳಿದೆ.

"ತಿಳಿಯೋಲ್ಲ, ದೊಡ್ಡಪ್ಪ. ಅಕ್ಕಪಕ್ಕದ ಯಂತ್ರಗಳ ಲಾಗ್ ನೋಡಿ ಊಹೆ ಮಾಡಬೇಕು."

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು ಹೊಯ್ಸಳ ನರಸಿಂಹನ ಕಾಲದಲ್ಲಿ, 1171ರಲ್ಲಿ, ಬಮ್ಮವೆ ನಾಯಕಿತಿ ಕಟ್ಟಿಸಿದಳೆಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ, ಶಾಸನವಿದೆ. ಅದೇ ತಾಲ್ಲೂಕಿನ ಹೊಸಹೊಳಲಿನಲ್ಲಿ, ಅದಕ್ಕಿಂತ ಎಷ್ಟೋ ಸುಂದರವಾದ ಲಕ್ಷ್ಮೀನಾರಾಯಣ ದೇವಾಲಯದ ಕಾಲವನ್ನು ಮಾತ್ರ, ಜಾವಗಲ್, ನುಗ್ಗೇಹಳ್ಳಿ, ಸೋಮನಾಥಪುರಗಳ ಶಿಲ್ಪಕ್ಕೆ ಹೋಲಿಸಿ, ಸುಮಾರು 1250 ಎಂದು ವಿದ್ವಾಂಸರು ಗೊತ್ತುಮಾಡಬೇಕಾಯಿತು. ಆ ಭಿತ್ತಿಗಳ ಮೇಲೆ ರಾಮಾಯಣ ಮಹಾಭಾರತಗಳ ಕಥೆಯೆಲ್ಲ ಇದೆ.

ಹುಡುಗ ಊಟದ ಹೊತ್ತಿಗೆ ಏನೋ ಒಂದು ಸಾಲು ಬರೆದು, 'ಜರ್ನಲ್' ಎಂಬ ಹೊಸ ಗೂಡನ್ನು ಕಪಾಟಿನಲ್ಲಿ ಸೃಷ್ಟಿಸಿ, ಸೇವೆಯನ್ನು ಮತ್ತೆ ಎಬ್ಬಿಸಿದ. ಇನ್ನು ಮುಂದಿನದು ಅಲ್ಲಿ ಉಳಿಯುತ್ತದಂತೆ. ಆಮೇಲೆ ಆರಿದ ಕಾಫಿಯನ್ನೇ ಕುಡಿದ.