ರೂಮು ಖಾಲಿ ಇದೆಯಾ?

ಡಿಸೆಂಬರ್ ಹತ್ತಿರ ಬಂದರೆ ಸಾಕು, ನನ್ನ ಫೋನಿಗೆ ಹೋಟೆಲುಗಳ ಕಾಟ ಶುರುವಾಗುತ್ತದೆ. ಪವನಾ ಕೆರೆಯ ದಂಡೆಯಲ್ಲಿ ಹೊಸ ರೆಸಾರ್ಟು, ಲೋಣಾವಳಾದಲ್ಲಿ ಸ್ವಂತ ಈಜುಕೊಳದ ವಿಲ್ಲಾ, ಬಾಲೇವಾಡಿಯಲ್ಲಿ ಕ್ರಿಸ್‌ಮಸ್ ಊಟ. ನಾನಿರುವುದು ದೇಹೂ ರೋಡಿನಲ್ಲಿ. ತುಕಾರಾಮರ ದೇಹೂ ಬೇರೆ, ಅದು ಇಂದ್ರಾಯಣಿ ನದಿಯ ದಂಡೆಯ ಮೇಲಿದೆ. ದೇಹೂ ರೋಡ್ ಎಂದರೆ ಆ ಊರಿಗೆ ಹೋಗುವವರು ಇಳಿಯುವ ರೈಲು ನಿಲ್ದಾಣ ಮತ್ತು ಅದರ ಸುತ್ತ ಬೆಳೆದ ಸೈನ್ಯದ ಡಿಪೋ, ದಂಡುಪ್ರದೇಶ. ಇಲ್ಲಿಂದಲೇ ಕಾತ್ರಜ್ ಬೈಪಾಸ್ ಕವಲೊಡೆದು ವಾಕಡ್, ಬಾಲೇವಾಡಿಗಳನ್ನು ಹಾದು ನಮ್ಮ ಬೆಂಗಳೂರಿನ ಹೆದ್ದಾರಿಯಾಗುತ್ತದೆ. ಹಿಂಜವಡಿಗೆ ಸಾಫ್ಟ್‌ವೇರ್ ಬಂದಮೇಲೆ ಈ ಬೈಪಾಸಿನ ಆಸುಪಾಸು ಗಾಜಿನ ಹೋಟೆಲುಗಳು ಎದ್ದಿವೆ. ಊರಿಗೆ ಹೋಗುವ ರಾತ್ರಿ ಬಸ್ಸಿನ ಕಿಟಕಿಯಿಂದ ಅವುಗಳ ದೀಪ ನೋಡದ ಪುಣೆಯ ಕನ್ನಡಿಗ ಇರಲಿಕ್ಕಿಲ್ಲ.

ಅವುಗಳಲ್ಲೊಂದರ ಹೆಸರು ಸಯಾಜಿ. ವಡೋದರದಲ್ಲಿ ಹುಟ್ಟಿದ ಹೋಟೆಲ್ ಸಂಸ್ಥೆಯದು, ವಾಕಡ್‌ನಲ್ಲಿದೆ. ನಮ್ಮ ಆಫೀಸಿನ ಸಭೆಯೊಂದು ಅಲ್ಲಿದೆ ಎಂಬ ಮೇಲ್ ಬಂದ ದಿನ ನಾನು ಸ್ವಲ್ಪ ಹೊತ್ತು ಆ ಹೆಸರನ್ನೇ ನೋಡುತ್ತಾ ಕೂತೆ. ವಡೋದರ, ಸಯಾಜಿ, ಹೋಟೆಲು: ಈ ಮೂರು ಮಾತು ಒಟ್ಟಿಗೆ ಬಂದರೆ ನಮ್ಮಂಥ ಮನೆಗಳಲ್ಲಿ ನೆನಪಾಗುವುದು ಒಂದೇ ಕಥೆ.

1917. ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾದಲ್ಲಿ ಓದಿ, ಲಂಡನ್ನಿಗೂ ಹೋಗಿಬಂದ ಅಂಬೇಡ್ಕರರು ಕರಾರಿನ ಪ್ರಕಾರ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಕೆಲಸವಿತ್ತು, ಮಲಗಲು ಜಾಗವಿರಲಿಲ್ಲ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲವೆಂದು ಗೊತ್ತಿದ್ದುದರಿಂದ ಪಾರ್ಸಿ ವಸತಿಗೃಹವೊಂದಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ. ಮೇಲ್ವಿಚಾರಕನಿಗೂ ಗಿರಾಕಿ ಬೇಕಿತ್ತು. ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸುವುದಾದರೆ ಇರಬಹುದು, ದಿನಕ್ಕೆ ಒಂದೂವರೆ ರೂಪಾಯಿ ಎಂದ. ಮಹಡಿಯ ಮೇಲೆ ಹಳೆಯ ಸಾಮಾನು ತುಂಬಿದ ದೊಡ್ಡ ಹಾಲು, ಪಕ್ಕದಲ್ಲಿ ಸಣ್ಣ ಖೋಲಿ, ಮಾತಾಡಲು ಒಬ್ಬರೂ ಇಲ್ಲ, ಹಾರಾಡುವ ಬಾವಲಿಗಳು, ಒಂದು ಹರಿಕೇನ್ ಲ್ಯಾಂಪು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು-ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಖಾಲಿ ಮಾಡೆಂದರು. ಗೆಳೆಯರಿಬ್ಬರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ನೆಪ ಹೇಳಿ ಜಾರಿಕೊಂಡರು. ರಾತ್ರಿಯ ಮುಂಬಯಿ ರೈಲಿಗೆ ಇನ್ನೂ ಗಂಟೆಗಟ್ಟಲೆ ಇತ್ತು. ಅಷ್ಟು ಹೊತ್ತನ್ನೂ ಅವರು ಕಳೆದದ್ದು ಕಾಮಾಠಿ ಬಾಗ್ ಎಂಬ ತೋಟದಲ್ಲಿ. ಇವತ್ತು ಆ ತೋಟಕ್ಕೆ ಸಯಾಜಿ ಬಾಗ್ ಎಂದು ಹೆಸರು.

ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ನಾನು ಅದನ್ನು ಹೋಟೆಲಿನ ಚರಿತ್ರೆಯಾಗಿಯೂ ಓದುತ್ತೇನೆ. ನಮ್ಮಲ್ಲಿ ಹೋಟೆಲಿನ ಚರಿತ್ರೆ ಎಂದರೆ ಝೂಮರುಗಳ, ಮಹಾರಾಜರ, ಅಡುಗೆಯ ಚರಿತ್ರೆ. ಬಾಗಿಲಲ್ಲಿ ನಿಂತವರ ಚರಿತ್ರೆ ಅದರಲ್ಲಿ ಸೇರುವುದಿಲ್ಲ, ಅಥವಾ ದಂತಕಥೆಯಾಗಿ ಸೇರುತ್ತದೆ. ತಾಜ್ ಮಹಲ್ ಹೋಟೆಲಿನದೇ ನೋಡಿ. ಬಿಳಿಯರ ವಾಟ್ಸನ್ ಹೋಟೆಲಿನಲ್ಲಿ ಜಮ್‌ಶೆಟ್‌ಜಿ ಟಾಟಾ ಅವರನ್ನು ಬಾಗಿಲಲ್ಲೇ ತಡೆದರು, ಆ ಹಟಕ್ಕೆ ತಾಜ್ ಕಟ್ಟಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಚರಿತ್ರಕಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಮುಂಬಯಿಗೆ ಒಳ್ಳೆಯ ಹೋಟೆಲು ಬೇಕೆಂಬ ಆಸೆಯೇ ಸಾಕಾಗಿತ್ತು ಎನ್ನುತ್ತಾರೆ. ಅದೇನೇ ಇರಲಿ, ವಾಟ್ಸನ್ ಬಾಗಿಲು ತೆರೆದದ್ದು 1871ರಲ್ಲಿ, 1896ರ ಜುಲೈ 7ರಂದು ಲೂಮಿಯೇರ್ ಸೋದರರ ಸಿನಿಮಾ ತೋರಿಸಿದ್ದೂ ಅಲ್ಲೇ. ತಾಜ್ 1903ರ ಡಿಸೆಂಬರ್ 16ರಂದು ಶುರುವಾಯಿತು: ವಿದ್ಯುದ್ದೀಪ, ಅಮೆರಿಕದ ಫ್ಯಾನು, ಜರ್ಮನಿಯ ಲಿಫ್ಟು. ಒಬ್ಬ ಪಾರ್ಸಿ ಅಂಥ ಹೋಟೆಲು ಕಟ್ಟಿಸಿದ ಹದಿನಾಲ್ಕು ವರ್ಷಕ್ಕೆ ಬರೋಡಾದಲ್ಲಿ ಪಾರ್ಸಿಗಳೇ ದೊಣ್ಣೆ ಹಿಡಿದು ನಿಂತರು. ಅವರೊಬ್ಬರನ್ನೇ ದೂರಿ ಫಲವಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ತಳ್ಳಿಸಿಕೊಂಡವನು ಕೆಳಗಿನ ಮೆಟ್ಟಿಲಿನವನನ್ನು ತಳ್ಳುವುದು ನಮ್ಮ ಹಳೆಯ ಚಾಳಿ.

ಕನ್ನಡಿಗರು ಹೋಟೆಲಿನಲ್ಲಿ ಹೆಸರು ಮಾಡಿದವರು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಊಟದ ಮನೆಯಲ್ಲಿ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ವಿಠ್ಠಲ ಕಾಮತ್ ತಮ್ಮ ಆತ್ಮಕಥೆಯ ಹೆಸರಿನಲ್ಲೇ ಇಡ್ಲಿ ಮತ್ತು ಆರ್ಕಿಡ್ ಎರಡನ್ನೂ ಇಟ್ಟುಕೊಂಡಿದ್ದಾರೆ. ಅವರ ಆರ್ಕಿಡ್ ಪಂಚತಾರಾ ಹೋಟೆಲು ಬಾಲೇವಾಡಿಯಲ್ಲೂ ಇದೆ. ಪರವೂರಿನಲ್ಲಿ ಕನ್ನಡ ಕೇಳಿಸಿದ ಮೊದಲ ಜಾಗ ಉಡುಪಿ ಹೋಟೆಲು ಎಂದು ನಮ್ಮಲ್ಲಿ ಎಷ್ಟೋ ಜನ ಪ್ರೀತಿಯಿಂದ ಬರೆದಿದ್ದಾರೆ. ಅವರ ಪ್ರೀತಿ ಸುಳ್ಳಲ್ಲ. ಆದರೆ ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್ ಎಂದಿತ್ತು. ಆಗಿನ ಕಾಲಕ್ಕೆ ಅದು ಬೋರ್ಡಿನ ಮೇಲೆ ಸಹಜವಾಗಿ ಬರೆಯಬಹುದಾದ ಮಾತು. ನಮ್ಮಜ್ಜನಿಗೆ ಹೋಟೆಲು ಎಂದರೆ ಜೇವರ್ಗಿ ಕಡೆಯ ನಮ್ಮೂರ ಚಹಾದಂಗಡಿ, ಅದರ ಹೊರಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದ ಬೇರೆ ಕಪ್ಪು-ಬಸಿ. ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲಿಡಬೇಕು. ಅಪ್ಪನೂ ಸಣ್ಣವನಿದ್ದಾಗ ಅದರಲ್ಲೇ ಕುಡಿದವನು.

ಹೋಟೆಲಿನ ಬಾಗಿಲ ಜಗಳ ನಮ್ಮ ದೇಶದ್ದಷ್ಟೇ ಅಲ್ಲ. 1943ರಲ್ಲಿ ವೆಸ್ಟ್ ಇಂಡೀಸಿನ ಹೆಸರಾಂತ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಅವರನ್ನು ಲಂಡನ್ನಿನ ಇಂಪೀರಿಯಲ್ ಹೋಟೆಲು ಬಣ್ಣದ ಕಾರಣಕ್ಕೆ ಇರಿಸಿಕೊಳ್ಳಲಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರು. ಸಿಕ್ಕ ಪರಿಹಾರ ಐದು ಗಿನಿ. ಅಮೆರಿಕದ ಕರಿಯರು ಊರೂರು ಸುತ್ತುವಾಗ ಎಲ್ಲಿ ಮಲಗಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಯಲು 1936ರಿಂದ ವಿಕ್ಟರ್ ಗ್ರೀನ್ ಎಂಬವರು 'ಗ್ರೀನ್ ಬುಕ್' ಎಂಬ ಕೈಪಿಡಿಯನ್ನೇ ಅಚ್ಚು ಹಾಕಿಸುತ್ತಿದ್ದರು. ಅಲ್ಲಿ ಹೋಟೆಲುಗಳು ಎಲ್ಲರಿಗೂ ಬಾಗಿಲು ತೆರೆಯಲೇಬೇಕೆಂಬ ರಾಷ್ಟ್ರೀಯ ಕಾನೂನು ಬಂದದ್ದು 1964ರಲ್ಲಿ. ಅಟ್ಲಾಂಟಾದ ಮೋಟೆಲಿನ ಮಾಲೀಕನೊಬ್ಬ ಅದರ ವಿರುದ್ಧವೂ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತ.

ನಮ್ಮಲ್ಲಿ ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಆ ಮಾತು ಸಂವಿಧಾನದಲ್ಲಿ ಬಂದಿತ್ತು. 15ನೇ ವಿಧಿಯ ಎರಡನೇ ಖಂಡ ತೆಗೆದು ನೋಡಿ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇಷ್ಟರ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಅಂಗಡಿ ಇದೆ, ಉಪಾಹಾರ ಗೃಹ ಇದೆ, ಹೋಟೆಲು ಎಂಬ ಶಬ್ದವೇ ಇದೆ. ಜೊತೆಗೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟುವಂಥವು. ಇದು ಗಲ್ಲಾಪೆಟ್ಟಿಗೆಯ ಹಿಂದೆ ಕೂತವನ ಕೈಯನ್ನೂ ಕಟ್ಟುತ್ತದೆ. ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಅಂಗಡಿ ಎಂದರೆ ಕ್ಷೌರದಂಗಡಿಯೂ ಸೇರುತ್ತದೆಯೇ ಎಂದು ಎಸ್. ನಾಗಪ್ಪ ಕೇಳಿದರು. ಸೇವೆ ಕೊಡಲು ಸಿದ್ಧವಿರುವ ಯಾರೇ ಆದರೂ ಈ ಮಾತಿನೊಳಗೆ ಬರುತ್ತಾರೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟವರು ಅಂಬೇಡ್ಕರ್. ಆ ಗಳಿಗೆಯಲ್ಲಿ ಅವರಿಗೆ ಬಾವಲಿಯ ಹಾಲು ನೆನಪಾಗಿತ್ತೇ ಎಂದು ನಾನು ಸುಮ್ಮನೆ ಊಹಿಸಿಕೊಳ್ಳುತ್ತೇನೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೀಗೆ ತಡೆಯುವುದನ್ನು ಶಿಕ್ಷಾರ್ಹ ಮಾಡಿತು. ಆದರೂ ನಮ್ಮೂರ ಗೂಡಿನಲ್ಲಿ ಕಪ್ಪು-ಬಸಿ ಎಷ್ಟೋ ವರ್ಷ ಹಾಗೇ ಇತ್ತು.

ಹಿಂದಿನ ವರ್ಷ ಅಪ್ಪ ಪುಣೆಗೆ ಬಂದಾಗ ಬೈಪಾಸ್ ಬದಿಯ ಒಂದು ದೊಡ್ಡ ಹೋಟೆಲಿಗೆ ಚಹಾ ಕುಡಿಸಲು ಕರೆದುಕೊಂಡು ಹೋದೆ. ಹೆಸರು ಬೇಡ, ತಪ್ಪು ಅವರದೇನೂ ಇಲ್ಲ. ಬಾಗಿಲಲ್ಲಿ ಪೇಟ ಸುತ್ತಿದವನು ಕೈಮುಗಿದ. ಅಪ್ಪ ಗಾಬರಿಯಾಗಿ ಅವನಿಗಿಂತ ಹೆಚ್ಚು ಬಾಗಿ ಕೈಮುಗಿದ. ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದ. ರೇಟು ನಾನು ಹೇಳಲಿಲ್ಲ. ಕುಡಿದಾದ ಮೇಲೆ ಕಪ್ಪು-ಬಸಿ ಎರಡನ್ನೂ ಎತ್ತಿಕೊಂಡು ಎದ್ದು ನಿಂತು, ಓಡಿಬಂದ ಹುಡುಗನಿಗೆ, "ತಮ್ಮಾ, ನಳ ಎಲ್ಲಿ ಅದ?" ಎಂದ. ಕನ್ನಡ ತಿಳಿಯದ ಆ ಹುಡುಗ ಅವನಿಗೆ ಕೈತೊಳೆಯುವ ಕೋಣೆಯ ದಾರಿ ತೋರಿಸಿದ. ನಾನು ಕಪ್ಪು ಇಸಿದುಕೊಂಡು ಮೇಜಿನ ಮೇಲಿಟ್ಟೆ. "ಯಾಕ, ಇಲ್ಲಿ ಅವರೇ ತೊಳೀತಾರೇನು?" ಎಂದು ಕೇಳಿ ಅಪ್ಪ ಮತ್ತೆ ಕೂತ.

ಅಂಥ ಜಾಗಗಳ ಗೋಡೆಯಲ್ಲಿ ಒಮ್ಮೊಮ್ಮೆ 'ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ' ಎಂಬ ಹಲಗೆ ಇರುತ್ತದೆ. ಜಾತಿಯ ಕಾರಣಕ್ಕೆ ಆ ಹಕ್ಕು ಯಾರಿಗೂ ಇಲ್ಲ. ದುಡ್ಡಿನ ಕಾರಣಕ್ಕೆ ಇದೆಯೇ ಎಂದರೆ ಅದಕ್ಕೆ ಹಲಗೆಯೇ ಬೇಡ, ಮೆನು ಕಾರ್ಡು ಸಾಕು. ಬೈಪಾಸಿನ ಬದಿಯಲ್ಲಿ ಹೊಸ ಕಟ್ಟಡ ಏಳುವಾಗಲೆಲ್ಲ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು ಬರುತ್ತದೆ. ಅಲ್ಲಿ ಕಿವಿಗೊಟ್ಟರೆ ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ಉದ್ಘಾಟನೆಯ ಹೊತ್ತಿಗೆ ಶೆಡ್ಡೂ ಇರುವುದಿಲ್ಲ, ಕನ್ನಡವೂ ಇರುವುದಿಲ್ಲ.

ದೇಹೂ ರೋಡಿಗೆ ವಾಪಸ್ ಬರುತ್ತೇನೆ. 1954ರ ಡಿಸೆಂಬರಿನಲ್ಲಿ ಅಂಬೇಡ್ಕರರು ರಂಗೂನಿನ ವಿಶ್ವ ಬೌದ್ಧ ಸಮ್ಮೇಳನ ಮುಗಿಸಿ ಬಂದು, 25ನೇ ತಾರೀಕು ಇಲ್ಲಿಯ ವಿಹಾರದಲ್ಲಿ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ನಾಗಪುರದ ದೀಕ್ಷೆಗೆ ಆಗ ಇನ್ನೂ ಎರಡು ವರ್ಷವಿತ್ತು. ಪಂಢರಪುರದ ವಿಠೋಬ ನಿಜಕ್ಕೂ ಬುದ್ಧನೇ ಎಂದು ಅವರು ಅವತ್ತು ಹೇಳಿದರು. ವಿಠ್ಠಲನನ್ನು ಕನ್ನಡದವನು ಎಂದು ಕರೆದ ಜ್ಞಾನೇಶ್ವರರ ನಾಡಿನಲ್ಲಿ, ತುಕಾರಾಮರ ಊರ ಮಗ್ಗುಲಲ್ಲಿ ಆಡಿದ ಮಾತು ಅದು.

ಹಾಗಾಗಿ ಪ್ರತಿ 25ನೇ ಡಿಸೆಂಬರಿಗೆ ನಮ್ಮೂರಲ್ಲಿ ಎರಡು ಜಾತ್ರೆ. ಒಂದು ಕಡೆ ಲೋಣಾವಳಾದ ರೆಸಾರ್ಟುಗಳಿಗೆ ಹೊರಟ ಕಾರುಗಳು. ಇನ್ನೊಂದು ಕಡೆ ನೀಲಿ ಬಾವುಟ ಕಟ್ಟಿದ ಟೆಂಪೋಗಳು, ಲೋಕಲ್ ರೈಲಿನಿಂದ ಇಳಿದು ನಡೆಯುವ ಬಿಳಿ ಸೀರೆಯ ಅವ್ವಂದಿರು. ಹೋದ ಸಲ ನಮ್ಮೂರಿಂದ ರಾತ್ರಿ ರೈಲಿಗೆ ಹದಿಮೂರು ಜನ ಬಂದರು. ಮುಂದಿನ ಓಣಿಯ ಲಾಡ್ಜಿಗೆ ಫೋನು ಮಾಡಿ ರೂಮು ಖಾಲಿ ಇದೆಯಾ ಎಂದು ಕೇಳಿದೆ. ಕ್ರಿಸ್‌ಮಸ್ ಸೀಸನ್ನು, ಎಲ್ಲಾ ಭರ್ತಿ ಎಂದರು. ಬೇರೆ ಕಾರಣವೇನೂ ಇರಲಿಲ್ಲ. ನನ್ನ ಎರಡು ಖೋಲಿಯ ಫ್ಲಾಟಿನಲ್ಲೇ ಚಾಪೆ ಹಾಸಿದೆವು. ಹೆಂಗಸರು ಒಳಗೆ, ಗಂಡಸರು ಹಾಲಿನಲ್ಲಿ, ಇಬ್ಬರು ಹುಡುಗರು ಬಾಲ್ಕನಿಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಅಪ್ಪ ಎಲ್ಲರಿಗೂ ಚಹಾ ಸೋಸುತ್ತಿದ್ದ. ಕಪ್ಪು ಸಾಲದೆ ಹಾಲಿನ ಪಾತ್ರೆ, ಸ್ಟೀಲ್ ವಾಟಿ, ನನ್ನ ಆಫೀಸಿನ ಮಗ್ಗು ಎಲ್ಲವೂ ಸಾಲಾಗಿ ಕಟ್ಟೆಯ ಮೇಲೆ ಕೂತಿದ್ದವು.