ಪೌರನೀತಿ ಪುಸ್ತಕದಲ್ಲಿ ಇಲ್ಲದ ಪಾಠ

ಹೈಸ್ಕೂಲಲ್ಲಿ ಪೌರನೀತಿ ಅಂದ್ರೆ ನಮಗೆ ಪರೀಕ್ಷೆ ಹಿಂದಿನ ರಾತ್ರಿ ಉರುಹೊಡೆಯೋ ಪಾಠ. ಮೂಲಭೂತ ಹಕ್ಕುಗಳು ಆರು, ಪಟ್ಟಿ ಬರೆದ್ರೆ ಮಾರ್ಕ್ಸು. ಹಕ್ಕು ಅನ್ನೋದನ್ನ ನಮ್ಮ ಶಿರಸಿ ಸೀಮೆಯಲ್ಲಿ ಯಾರಾದ್ರೂ ಬಳಸಿದ್ರಾ ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಿದ್ದಾಪುರದಿಂದ ಜೋಗಕ್ಕೆ ಹೋಗುವಾಗ ಮಾವಿನಗುಂಡಿ ಸಿಗುತ್ತೆ. ಅಲ್ಲಿ ಎಷ್ಟೋ ಸಲ ಚಾ ಕುಡಿದಿದ್ದೇನೆ. ಅಲ್ಲಿರುವ ಸ್ಮಾರಕ ಯಾರದ್ದು ಅಂತ ತಿಳಿದದ್ದು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ. 1932ರ ಕರನಿರಾಕರಣೆಯಲ್ಲಿ ಬ್ರಿಟಿಷ್ ಸರಕಾರ ರೈತರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆ ಬಾಗಿಲಲ್ಲಿ ಈ ಸೀಮೆಯ ಹೆಂಗಸರು ಉಪವಾಸ ಕೂತರು. ಆಗ ಆಸ್ತಿ, ತೆರಿಗೆ ನೋಡಿ ವೋಟು ಕೊಡುತ್ತಿದ್ದ ಕಾಲ. ಅವರಲ್ಲಿ ಹೆಚ್ಚಿನವರಿಗೆ ವೋಟೇ ಇರಲಿಲ್ಲ.

ಅರ್ಧ ಶತಮಾನದ ನಂತರದ ಕಥೆ ಯಲ್ಲಾಪುರದ್ದು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂತು. ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಲಿಲ್ಲ, ಲೆಕ್ಕ ಕೇಳಿದರು. ಮುಳುಗೋ ಕಾಡಿಗೆ, ಬಿದಿರಿಗೆ, ತೋಟಕ್ಕೆ ಎಷ್ಟು ಬೆಲೆ ಕಟ್ಟಿದ್ದೀರಿ? 1981ರಲ್ಲಿ ಶಿರಸಿಯಲ್ಲಿ ಇದಕ್ಕಾಗಿಯೇ ವಿಚಾರ ಸಂಕಿರಣ ನಡೆಯಿತು. ಮುಂದೆ ನಿಂತದ್ದು ಅಡಿಕೆ ಮಾರಾಟಕ್ಕೆಂದು ಹುಟ್ಟಿದ ತೋಟಗಾರ್ಸ್ ಸೊಸೈಟಿ, ನಮ್ಮೂರವರ ಬಾಯಲ್ಲಿ ಟಿಎಸ್ಎಸ್. ರೈತರು ವಿಜ್ಞಾನಿಗಳ ಜೊತೆ ಕೂತು ಲಾಭ-ನಷ್ಟದ ಲೆಕ್ಕವನ್ನು ಮತ್ತೆ ಹಾಕಿದರು. ಕೊನೆಗೆ ಸರಕಾರ ಯೋಜನೆ ಕೈಬಿಟ್ಟಿತು. ನನ್ನ ಮಟ್ಟಿಗೆ ವಯಸ್ಕರ ಶಿಕ್ಷಣ ಅಂದ್ರೆ ಅದು.

ಲೆಕ್ಕ ಕೇಳೋ ಅಭ್ಯಾಸ ಅಲ್ಲಿಗೇ ನಿಲ್ಲಲಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ.

ಈಗ ಅದೇ ನದಿ ಬೇಡ್ತಿ-ವರದಾ ಜೋಡಣೆಯ ಹೆಸರಲ್ಲಿ ಮತ್ತೆ ಸುದ್ದಿಯಲ್ಲಿದೆ. ಊರಿಂದ ಫೋನು ಬಂದಾಗ ಅಪ್ಪ ಕೇಳ್ತಾರೆ, “ನೀ ಓದಿದವ, ಆ ವರದಿಲಿ ಎಂತ ಇದ್ದು ನೋಡಿದ್ಯಾ?”

ಆಫೀಸಲ್ಲಿ ದಿನವಿಡೀ ಎಕ್ಸೆಲ್ ಶೀಟು ತಿದ್ದುವ ನಾನು ಅದರ ಒಂದು ಪುಟವನ್ನೂ ತೆರೆದಿರಲಿಲ್ಲ. ಬೇಕೋ ಬೇಡವೋ ಅನ್ನೋ ಜಗಳ ಆಮೇಲೆ ಆಡೋಣ. ಮೊದಲು ಓದಬೇಕು, ಓದಿ ಲೆಕ್ಕ ಕೇಳಬೇಕು. ಮಾರ್ಕ್ಸ್ ಯಾರೂ ಕೊಡೋದಿಲ್ಲ, ಆದರೆ ಫೇಲಾದರೆ ನಷ್ಟ ಊರಿಗೇ.