ಟ್ರಾನ್ಸ್‌ಪೈಲರ್

‘ಟ್ರಾನ್ಸ್‌ಲೇಟ್’ನ ತಲೆಗೆ ‘ಕಂಪೈಲರ್’ನ ಬಾಲ ಕೂಡಿಸಿದ ಪದ. ಕಂಪೈಲರ್‌ನ ಬೇರು ಲ್ಯಾಟಿನ್ನಿನ ‘ಕಂಪಿಲಾರೆ’. ಅಂದರೆ ಕೊಳ್ಳೆ ಹೊಡೆ! ಇಂಗ್ಲಿಷಿಗೆ ಬರುವಷ್ಟರಲ್ಲಿ ಕೊಳ್ಳೆ ಸಾಧುವಾಗಿ ‘ಸಂಗ್ರಹ’ವಾಯಿತು. 1952ರ ಹೊತ್ತಿಗೆ ಗಣಕ ವಿಜ್ಞಾನಿ ಗ್ರೇಸ್ ಹಾಪರ್ ತಮ್ಮ ಎ-0 ತಂತ್ರಾಂಶವನ್ನು ಕಂಪೈಲರ್ ಎಂದರು. ಸಿದ್ಧ ತುಣುಕುಗಳನ್ನು ಹೆಕ್ಕಿ ಜೋಡಿಸುತ್ತಿದ್ದ ಅದಕ್ಕೆ ಹೆಸರು ಒಪ್ಪಿತ್ತು.

ಕಂಪೈಲರ್ ಸಾಮಾನ್ಯವಾಗಿ ಯಂತ್ರಭಾಷೆಯವರೆಗೆ ಇಳಿಯುತ್ತದೆ. ಟ್ರಾನ್ಸ್‌ಪೈಲರ್ ಮನುಷ್ಯರು ಓದಬಲ್ಲ ಇನ್ನೊಂದು ಭಾಷೆಯಲ್ಲೇ ನಿಲ್ಲುತ್ತದೆ. ಟೈಪ್‌ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟ್ ಆಗುವುದು ಹೀಗೆ. ಕಂಪೈಲರ್‌ಗೆ ಪಠ್ಯಪುಸ್ತಕದ ಕನ್ನಡ ಪದವಾದ ‘ಸಂಕಲಕ’ ಕಚೇರಿಗೆ ಕಾಲಿಟ್ಟಿಲ್ಲ. ಅಲ್ಲಿ ಕೇಳಿಸುವುದು ‘ಕಂಪೈಲ್ ಆಗ್ತಿಲ್ಲ’ ಅನ್ನೋದೇ.

ಟ್ರಾನ್ಸ್‌ಪೈಲರ್‌ಗೆ ನಮ್ಮ ಬೆಂಗಳೂರಿನ ಉದಾಹರಣೆ ಪಾಲಿಮೇಜ್. ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂಧುಗುಲ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಈ ಮುಕ್ತ ತಂತ್ರಾಂಶಕ್ಕೆ ಚಿತ್ರಸಂಸ್ಕರಣೆಯ ಹಂತಗಳನ್ನು ಪೈಥಾನ್‌ನೊಳಗೆ ಚುಟುಕಾಗಿ ಬರೆದುಕೊಟ್ಟರೆ ಸಾಕು, ಪ್ರೊಸೆಸರ್‌ನ ಹಲವು ಕೋರ್‌ಗಳ ಮೇಲೆ ಒಟ್ಟಿಗೆ ಓಡುವ ಸಿ++ ಬರೆದುಕೊಡುತ್ತದೆ. ಅವರದೇ ಹಿಂದಿನ ‘ಪ್ಲೂಟೊ’ ಇನ್ನೂ ವಿಚಿತ್ರ: ಕೊಡುವುದೂ ಸಿ, ಬರುವುದೂ ಸಿ. ‘ಪ್ರಾಗ್ಮಾ ಸ್ಕಾಪ್’ ಮತ್ತು ‘ಎಂಡ್‌ಸ್ಕಾಪ್’ ಗುರುತುಗಳ ನಡುವಿನ ಲೂಪ್‌ಗಳನ್ನಷ್ಟೇ ಅದು ಕಿತ್ತು ಮರುಜೋಡಿಸುತ್ತದೆ. ಭಾಷೆಯೇ ಬದಲಾಗದಿರುವಾಗ ಟ್ರಾನ್ಸ್‌ಪೈಲರ್ ಅನ್ನುವುದು ನನಗೆ ಸರಿಕಾಣದು. ಸಂಶೋಧಕರ ‘ಸೋರ್ಸ್-ಟು-ಸೋರ್ಸ್’ ಎಂಬ ಹೆಸರೇ ಅದಕ್ಕೆ ಹೊಂದುತ್ತದೆ.